ಅತ್ತೆ ಓಗೊಡದ ಮಧ್ಯಾಹ್ನ

ಗೂಡಲೂರಿನ ಕೆಳಗೆ, ಕಾಡಿಗೆ ತಾಗಿಕೊಂಡೇ ನಮ್ಮ ಟೀ ತೋಟ. ಎಲೆ ಕೊಯ್ಯುವವರು ನಾನು, ನನ್ನ ಅತ್ತೆ, ಇಬ್ಬರೇ. ಮಂಜು ಇಳಿದರೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಆಗಾಗ ಕೂಗಬೇಕು, ಇನ್ನೊಬ್ಬರು ಓಗೊಡಬೇಕು. ಓ ಬರದಿದ್ದರೆ ಹುಡುಕಿಕೊಂಡು ಹೋಗಬಾರದು, ರಸ್ತೆಗೆ ಹತ್ತಿ ಜನ ಕರೆಯಬೇಕು. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಇದನ್ನು ನನ್ನ ತಲೆಗೆ ತುಂಬಿದ್ದರು.

ಶಾಸ್ತ್ರೀಯ ಸಂಗೀತವೆಂದರೆ ನನಗೆ ತಲೆನೋವು. ಒಂದೇ ಸಾಲನ್ನು ಅಷ್ಟೊಂದು ಯಾಕೆ ಜಗ್ಗುತ್ತಾರೋ ಎಂದು ರೇಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಫೋನಿನಲ್ಲಿ ಏನನ್ನೋ ಹುಡುಕುವಾಗ ಒಬ್ಬ ಸಂಗೀತ ಮೇಷ್ಟರ ಉಪನ್ಯಾಸಗಳು ಸಿಕ್ಕವು. ಹಾಡು ಕಡಿಮೆ, ಮಾತೇ ಹೆಚ್ಚು. ತೋಡಿ ರಾಗದ ಗಾಂಧಾರ ಸ್ವರ ಒಂದೆಡೆ ನಿಲ್ಲದೆ ತುಯ್ಯುತ್ತದೆ, ಅದನ್ನು ಹಿಡಿಯಿರಿ ಎಂದು ಹೇಳಿ ಅವರು ಹಾಡಿದಾಗ ನನಗೆ ಅದು ಕೇಳಿಸಿಯೇ ಬಿಟ್ಟಿತು! ಅಲ್ಲಿಂದ ಹುಚ್ಚು ಹಿಡಿಯಿತು. ಕೊಯ್ಯುವಾಗ ಇಯರ್‌ಫೋನು ಸಿಕ್ಕಿಸಿದ ಒಂದು ಕಿವಿ ಮೇಷ್ಟರಿಗೆ, ಇನ್ನೊಂದು ಅತ್ತೆಗೆ.

"ಕಾಡಂಚಲ್ಲಿ ಕಿವಿ ಮುಚ್ಕೊಂಡು ಕೆಲ್ಸ ಮಾಡ್ತಾರೇನೇ?" ಎಂದು ಬೈಯುತ್ತಿದ್ದ ಅತ್ತೆಯೇ ಒಂದು ದಿನ ಕೇಳಿ ಮರುಳಾದರು. ಆಮೇಲೆ ಫೋನು ನನ್ನ ಕೈಗೆ ಸಿಕ್ಕರೆ ಕೇಳಿ. ಎರಡೂ ಕಿವಿಗೆ ಸಿಕ್ಕಿಸಿಕೊಂಡು, ನಾನು ಗಂಟಲು ಹರಿದುಕೊಂಡ ಮೇಲೆ ಸಾವಕಾಶವಾಗಿ ಓ ಅನ್ನುವರು. ನನಗೆ ಮೇಲೆ ನಗು, ಒಳಗೊಳಗೇ ಪುಕಪುಕ.

ಆ ಮಧ್ಯಾಹ್ನ ಮಂಜು ದಟ್ಟವಾಗಿತ್ತು. ಕೂಗಿದೆ. ಓ ಬರಲಿಲ್ಲ. ಮತ್ತೆ ಕೂಗಿದೆ. ಹಕ್ಕಿಗಳ ಸದ್ದೂ ಇರಲಿಲ್ಲ. ಈ ಮುದುಕಿ ತೋಡಿಯಲ್ಲಿ ಮುಳುಗಿದೆ, ಇವತ್ತು ಫೋನು ಕಿತ್ತುಕೊಳ್ಳದೆ ಬಿಡುವುದಿಲ್ಲ ಎಂದು ಗೊಣಗುತ್ತ ಗಿಡಗಳ ನಡುವೆ ನುಗ್ಗಿದೆ. ಹಸಿ ಲದ್ದಿಯ ವಾಸನೆ ಮೂಗಿಗೆ ಬಡಿದಾಗ ಅಲ್ಲೇ ನಿಂತೆ.

ಮಂಜು ತುಸು ಸರಿದಲ್ಲಿ, ಎದುರಿಗೇ ಒಂಟಿ ಸಲಗ. ಅದರಾಚೆ ಬಂಡೆಗೆ ಒತ್ತಿಕೊಂಡು ಅತ್ತೆ ಕೂತಿದ್ದರು. ಅವರ ಕಿವಿಯಲ್ಲಿ ಏನೂ ಇರಲಿಲ್ಲ. ನನ್ನ ಸದ್ದಿಗೆ ಆನೆ ಇತ್ತ ತಿರುಗಿತು. ಆಗ ಅತ್ತೆ ಎದ್ದು ನಿಂತು, ಎಲೆಚೀಲ ಬೀಸುತ್ತ, ಅದು ತಮ್ಮ ಕಡೆಗೆ ಬರಲೆಂದೇ ಕಿರುಚಿದರು. ಅದು ಅವರತ್ತ ಹೊರಳಿ ನಾಲ್ಕು ಹೆಜ್ಜೆ ಇಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ಅದಕ್ಕೇನನ್ನಿಸಿತೋ, ಕಣ್ಣು ಬಿಟ್ಟಾಗ ಪಕ್ಕದ ಇಳಿಜಾರಿನಲ್ಲಿ ಕಾಡಿಗೆ ಇಳಿದುಹೋಗುತ್ತಿತ್ತು.

ಅತ್ತೆ ನನ್ನ ತೋಳು ಹಿಡಿದುಕೊಂಡರು.

"ನೀ ಕೂಗಿದ್ದೆಲ್ಲ ಕೇಳಿಸ್ತು ಕಣವ್ವ. ನೀ ಬರಬಾರ್ದು ಅಂತ್ಲೇ ಬಾಯಿ ಮುಚ್ಕೊಂಡು ಕೂತಿದ್ದೆ."