ವನಜಕ್ಕ ರಿಟೈರ್ ಆಗದಿರಲು ಕಾರಣ

“ನಾನು ಕೆಲಸ ಬಿಟ್ರೆ ಟ್ಯಾಕ್ಸ್ ಬೀಳ್ತದೆ ಮಾರಾಯ್ತಿ.”

ನಮ್ಮ ವನಜಕ್ಕ ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದ ಮಾತು ಇದೊಂದೇ. ಉಡುಪಿಯವರು, ವಯಸ್ಸು ಎಪ್ಪತ್ತೈದು. ಇಲ್ಲಿ ಬೇ ಏರಿಯಾದ ಸ್ಯಾನ್ ರಮೋನ್‌ನ ಕಂಪನಿಯೊಂದರಲ್ಲಿ ನೀರಿನ ಪೈಪ್‌ಲೈನುಗಳ ನಕ್ಷೆ ಬಿಡಿಸುತ್ತಾರೆ. ಡ್ಯಾನ್‌ವಿಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ನನ್ನದು ಪಕ್ಕದ ಬೀದಿ. ಆಫೀಸಿಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತೇವೆ. (ಡ್ರೈವಿಂಗು ಅವರದು, ಹರಟೆ ನನ್ನದು.)

ಅವರ ಮಾತು ಸುಳ್ಳೇನಲ್ಲ. ಈ ದೇಶದಲ್ಲಿ ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ಎಪ್ಪತ್ತಮೂರರ ನಂತರ ಹಾಗೇ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ ಇಷ್ಟು ಎಂದು ತೆಗೆಯಬೇಕು, ತೆಗೆದದ್ದಕ್ಕೆ ಟ್ಯಾಕ್ಸ್ ಕಟ್ಟಬೇಕು. ಆದರೆ ಇನ್ನೂ ದುಡಿಯುತ್ತಿದ್ದರೆ, ಆ ಕಂಪನಿಯ ಖಾತೆಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಕೆಲಸ ಬಿಡುವವರೆಗೆ ಅದನ್ನು ಮುಟ್ಟಬೇಕಾಗಿಲ್ಲ.

ಮಗ ಪ್ರಶಾಂತನಿಗೆ ಇಬ್ಬರು ಪುಟ್ಟ ಮಕ್ಕಳು. ಡೇಕೇರ್ ಬಿಡಿಸಿ ಅಜ್ಜಿಯ ಕೈಗೆ ಒಪ್ಪಿಸಬೇಕೆಂದು ಅವನ ಆಸೆ. ಅವನು ಮಾತು ತೆಗೆದಾಗಲೆಲ್ಲ ವನಜಕ್ಕ ಟ್ಯಾಕ್ಸ್ ಅನ್ನುತ್ತಿದ್ದರು. ಬೇ ಏರಿಯಾದಲ್ಲಿ ಆ ಪದಕ್ಕೆ ಎದುರಾಡುವವರುಂಟೇ? ಇಂಜಿನಿಯರ್ ಮಗ ಮತ್ತೆ ಡೇಕೇರ್ ಫೀಸು ಕಟ್ಟುತ್ತಿದ್ದ.

ಕಳೆದ ಭಾನುವಾರ ಅವರಲ್ಲಿಗೆ ಚಹಾಕ್ಕೆ ಹೋಗಿದ್ದೆ. ವನಜಕ್ಕ ಬನ್ಸ್ ಕರಿಯುತ್ತಿದ್ದರು. ಪ್ರಶಾಂತ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೇ ಬಂದ.

“ಅಮ್ಮ, ಎಲ್ಲ ಓದಿ ನೋಡ್ದೆ. ಹಳೇ ಕಂಪನಿ ಅಕೌಂಟಿಂದ ನೀನು ಹೇಗೂ ಪ್ರತಿ ವರ್ಷ ತೆಗೀಲೇಬೇಕು, ತೆಗೀತಾನೂ ಇದ್ದೀಯ. ಈಗಿನ ಕಂಪನಿದೂ ತೆಗೆದ್ರೆ ಏನಾಗುತ್ತೆ? ಸಂಬಳ ನಿಂತ್ರೆ ಟ್ಯಾಕ್ಸೂ ಅಷ್ಟೊಂದು ಬರಲ್ಲ. ಬಂದಿದ್ದನ್ನ ನಾನೇ ಕಟ್ತೀನಿ. ಇನ್ನೇನು ಪ್ರಾಬ್ಲಮ್ಮು?”

ಒಳ್ಳೆಯ ಮಗ. ಲೆಕ್ಕವೂ ಸರಿ. ನನಗಂತೂ ವನಜಕ್ಕನನ್ನು ನೋಡಿ ಸಂಕಟವಾಯಿತು. ಅವರ ಬಳಿ ಇದ್ದ ಒಂದೇ ಕಾರಣವನ್ನೂ ಅವನು ಪ್ರೀತಿಯಿಂದಲೇ ಕಿತ್ತುಕೊಂಡಿದ್ದ.

ವನಜಕ್ಕ ಒಲೆ ಆರಿಸಿದರು.

“ಪ್ರಾಬ್ಲಮ್ ಎಂತದ್ದೂ ಇಲ್ಲ ಮಗ. ಮಕ್ಕಳು ಅಂದ್ರೆ ನಂಗೆ ಜೀವ. ಸಂಜೆ ನೋಡ್ತೇನೆ, ರಜೆಯಲ್ಲಿ ನೋಡ್ತೇನೆ. ಆದ್ರೆ ನಂಗೆ ಆಫೀಸಿಗೆ ಹೋಗ್ಲಿಕ್ಕೆ ಇಷ್ಟ. ಅಷ್ಟೇ.”

ಪ್ರಶಾಂತ ಪೆಚ್ಚಾದ. “ಮೊದಲೇ ಹೇಳ್ಬಾರ್ದಿತ್ತಾ ಅಮ್ಮ?”

“ಇಷ್ಟ ಅಂತ ಹೇಳಿದ್ರೆ ನೀನು ಕೇಳ್ತಿದ್ದೆಯಾ?”

ಅವನು ಲ್ಯಾಪ್‌ಟಾಪ್ ಮುಚ್ಚಿದ. ಗೊತ್ತಿಲ್ಲ ಅಂದ. (ಆ ಪ್ರಾಮಾಣಿಕತೆಗೆ ಒಂದು ಬನ್ಸ್ ಹೆಚ್ಚಿಗೆ ಸಿಕ್ಕಿತು.) ಡೇಕೇರ್ ಮುಂದುವರಿಯುವುದೆಂದು ತೀರ್ಮಾನವಾಯಿತು.

ನಾವೆಲ್ಲ ಮಾಡುವುದೂ ಇದನ್ನೇ ಅಲ್ಲವೇ? ಪಾರ್ಟಿಗೆ ಹೋಗಲು ಮನಸ್ಸಿಲ್ಲದಿದ್ದರೆ ತಲೆನೋವು. ನೆಂಟರು ಬೇಡವಾದರೆ ಮೀಟಿಂಗು. ಇಷ್ಟ, ಇಷ್ಟವಿಲ್ಲ ಎಂಬುದು ಹೆಂಗಸರ ಬಾಯಲ್ಲಿ ಇವತ್ತಿಗೂ ಕಾರಣವೇ ಅಲ್ಲ. ಇದು ನನಗೆ ಬೇಸರ ತರಿಸುತ್ತದೆ.

ಸೋಮವಾರ ವನಜಕ್ಕ ಎಂದಿನಂತೆ ಕಾರು ತಂದು ಹಾರ್ನ್ ಹೊಡೆದರು. ಫ್ರೀವೇ ಉದ್ದಕ್ಕೂ ಹರಟಿದ್ದು ಅವರೇ.

ಕೂಡಿಟ್ಟ ಹಣ ಯಾವ ವಯಸ್ಸಿಗೆ ಹೊರಗೆ ಬರಬೇಕೆಂದು ಸರ್ಕಾರ ಗೊತ್ತುಮಾಡಿದೆ. ಅದುಮಿಟ್ಟ ಮಾತಿಗೆ ವಯಸ್ಸು ಗೊತ್ತುಮಾಡುವವರು ಯಾರು?