ಎಡಗಿವಿ ಮುಟ್ಟಿದ ಕೈ

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಹೇಳುತ್ತಿದ್ದ ಒಳ್ಳೆಯ ಮಾತು ಒಂದೇ ಒಂದು. ನನ್ನ ಕೈ ಉದ್ದ, ನಾಲ್ಕು ವರ್ಷಕ್ಕೇ ಕಿವಿ ಮುಟ್ಟಿತ್ತು ಎನ್ನುವುದು. ಆಗ ನಮ್ಮೂರು ಯಗಟಿಯಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಜನನ ಪತ್ರ ಗಿನನ ಪತ್ರ ಯಾರೂ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನಾನು ಹುಟ್ಟಿದ್ದು ಸಂಕ್ರಾಂತಿ ಕಳೆದು ಒಂಬತ್ತನೇ ದಿನ, ಕಣದಲ್ಲಿ ರಾಗಿ ಒಕ್ಕಣೆ ನಡೆಯುತ್ತಿದ್ದಾಗ ಎಂದು ಅವ್ವ ಹೇಳುತ್ತಿದ್ದಳು. ಆ ಲೆಕ್ಕಕ್ಕೆ ಶಾಲೆಯ ಬಾಗಿಲಲ್ಲಿ ನಿಂತಾಗ ನನಗೆ ನಾಲ್ಕೂವರೆ ಕೂಡ ತುಂಬಿರಲಿಲ್ಲ. ಮೇಷ್ಟ್ರು ಜೂನ್ ಒಂದಕ್ಕೆ ಸರಿಯಾಗಿ ಆರು ತುಂಬುವ ಹಾಗೆ ತಾರೀಖು ಬರೆದುಕೊಂಡರು. ಅಪ್ಪ ಅವತ್ತು ಸಂಜೆ ಕುರಿ ಹಟ್ಟಿಯ ಮುಂದೆ ಕೂತವರಿಗೆಲ್ಲ, "ನನ್ ಮಗ್ಳು ನೋಡ್ರಪ್ಪ, ನಾಲ್ಕಕ್ಕೇ ಕಿವಿ ಮುಟ್ಬಿಟ್ಲು" ಅಂದನಂತೆ.

ಕೈಯೇನೋ ನಿಜವಾಗಿ ಉದ್ದವಾಗಿಯೇ ಬೆಳೆಯಿತು. ಉದ್ದ, ಜೊತೆಗೆ ಸಣ್ಣ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಯಾವ ಕುರಿ ಈಯಲಾರದೆ ಒದ್ದಾಡಿದರೂ ಅಪ್ಪ ನನ್ನನ್ನೇ ಕೂಗುತ್ತಿದ್ದ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೈ ಒಳಗೆ ಹಾಕಿ, ಇದು ಮುಂಗಾಲೋ ಹಿಂಗಾಲೋ, ಮರಿ ಒಂದೋ ಎರಡೋ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಯಾರೂ ಕಲಿಸಿದ್ದಲ್ಲ.

ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ ಮನೆಯಲ್ಲೇ ಇದ್ದೆ. ಕಾಗದದ ಪ್ರಕಾರ ಹದಿನೆಂಟು ತುಂಬಿದ ವಾರವೇ ಮದುವೆಯಾಯಿತು. ಕಾಯ್ದೆಗೆ ಸರಿಯಾಗಿಯೇ ಆಯಿತು, ಯಾರೂ ಬಾಯಿ ತೆಗೆಯುವ ಹಾಗಿರಲಿಲ್ಲ. ಅವ್ವನ ಲೆಕ್ಕದಲ್ಲಿ ಮಾತ್ರ ನನಗಿನ್ನೂ ಹದಿನಾರೂವರೆ ಕೂಡ ತುಂಬಿರಲಿಲ್ಲ. ಅಜ್ಜಂಪುರದ ಗಂಡನ ಮನೆಯಲ್ಲಿ ಹಿಟ್ಟಿನ ಗಿರಣಿ ಇತ್ತು, ಹಿತ್ತಿಲಲ್ಲಿ ಎರಡು ಎಮ್ಮೆ ಇದ್ದವು. ಹದಿನೈದು ವರ್ಷ ಗಿರಣಿಯ ಹಿಟ್ಟು ಕೊಡವಿಕೊಂಡು, ಸಗಣಿ ಬಾಚಿಕೊಂಡು ಇದ್ದುಬಿಟ್ಟೆ. ಬೀದಿಯಲ್ಲಿ ಯಾರ ಹಸು ಕಷ್ಟಪಟ್ಟರೂ ನನ್ನನ್ನು ಕರೆಯುವುದು ಮಾತ್ರ ತಪ್ಪಲಿಲ್ಲ.

ಓದಬೇಕು ಅನ್ನಿಸಿದ್ದು ಯಾವ ದೊಡ್ಡ ಆಸೆಯಿಂದಲೂ ಅಲ್ಲ, ಸಿಟ್ಟಿನಿಂದ. ಒಂದು ದಿನ ಪಕ್ಕದ ಮನೆಯ ಹಸುವಿನ ಕರು ಈಚೆ ತೆಗೆದು ಕೈ ತೊಳೆಯುತ್ತಿದ್ದೆ. ಎಲ್ಲ ಮುಗಿದ ಮೇಲೆ ಬೈಕಿನಲ್ಲಿ ಬಂದ ಪಶು ಆಸ್ಪತ್ರೆಯ ಸಹಾಯಕರೊಬ್ಬರು, ಬದುಕಿರುವ ಕರುವನ್ನು ನೋಡಿಯೂ, "ಓದು ಬರಹ ಇಲ್ದೋರೆಲ್ಲ ಕೈ ಹಾಕ್ಬಾರ್ದು ಕಣ್ರೀ, ನಾಳೆ ಹಸು ಸತ್ರೆ ಯಾರು ಜವಾಬ್ದಾರಿ?" ಅಂದರು. ಸುತ್ತ ನಿಂತವರು ಹೌದು ಹೌದು ಅಂದರು. ಐದು ನಿಮಿಷದ ಹಿಂದೆ ನನ್ನ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟವರು ಇವರೇ. ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಸಾಕು ಎಂದು ಅದೇ ವಾರ ವಿಚಾರಿಸಿಕೊಂಡೆ. ಗಂಡನಿಗೆ ಹೇಳಿದಾಗ ಅವರು ಗಿರಣಿಯ ಸದ್ದಿನಲ್ಲಿಯೇ, "ಓದಿ ಏನ್ ಕಡಿದು ಕಟ್ಟೆ ಹಾಕ್ತೀಯೋ ಹಾಕು ಹೋಗೇ" ಅಂದರು. ಬೇಡ ಅನ್ನಲಿಲ್ಲ. ಅಷ್ಟು ಮಟ್ಟಿಗೆ ಅವರ ಋಣ ನನ್ನ ಮೇಲಿದೆ.

ಕಾಲೇಜಿನ ಮೊದಲ ದಿನ ಮೇಷ್ಟ್ರು ನನ್ನನ್ನು ನೋಡಿ, "ಪೋಷಕರು ಹೊರಗಡೆ ಕೂತ್ಕೊಳಿ" ಅಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಎರಡು ವರ್ಷ ನಾನು ಎಲ್ಲರಿಗೂ ಆಂಟಿ. ಕೈಗೆ ಗೊತ್ತಿದ್ದದ್ದೆಲ್ಲ ಪುಸ್ತಕದಲ್ಲಿ ಇಂಗ್ಲಿಷ್ ಆಗಿ ಕೂತಿತ್ತು. ಕತ್ತಲಲ್ಲಿ ಬೆರಳ ತುದಿಯಿಂದ ಗುರುತು ಹಿಡಿಯುತ್ತಿದ್ದ ಮೂಳೆಯ ಹೆಸರು ಬರೆಯಲು ಬಾರದೆ ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಮನೆಗೆ ಬಂದು ಎಮ್ಮೆಯ ಮೈಮೇಲೆ ಬಳಪದಲ್ಲಿ ಗುರುತು ಹಾಕಿಕೊಂಡು ಒಂದೊಂದೇ ಮೂಳೆಯ ಹೆಸರು ಬಾಯಿಪಾಠ ಮಾಡಿದೆ. ಅತ್ತೆ, "ಎಮ್ಮೆಗೆ ಅಕ್ಷರಾಭ್ಯಾಸ ಮಾಡಿಸ್ತಾವ್ಳೆ" ಎಂದು ಬೀದಿಗೆಲ್ಲ ಸಾರಿದರು. ಎರಡನೇ ಸಲ ತರಗತಿಗೇ ಹೆಚ್ಚು ಅಂಕ ನನಗೆ ಬಂತು.

ಕೊನೆಯ ತಿಂಗಳುಗಳ ತರಬೇತಿ ತರೀಕೆರೆಯ ಪಶು ಆಸ್ಪತ್ರೆಯಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಒಂದು ಮಧ್ಯಾಹ್ನ ಅವರ ಜೊತೆ ಒಂದು ತೋಟದ ಮನೆಗೆ ಹೋಗಿದ್ದೆ. ಕರುವಿನ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು, ಡಾಕ್ಟರ ಕೈ ಅಲ್ಲಿಗೆ ಎಟುಕಲೇ ಇಲ್ಲ. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಅವರು ಪಕ್ಕಕ್ಕೆ ಸರಿದು, "ನೋಡಮ್ಮ, ನಿನ್ ಕೈ ಹೋಗುತ್ತಾ?" ಅಂದರು. ಹೋಯಿತು. ಕರುವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯೊಳಗೆ ಮುಚ್ಚಿ ಹಿಡಿದು, ಗರ್ಭಕೋಶಕ್ಕೆ ತಾಗದ ಹಾಗೆ ಕಾಲನ್ನು ಮುಂದಕ್ಕೆ ತಂದೆ. ಹಸುವೂ ಉಳಿಯಿತು, ಕರುವೂ ಉಳಿಯಿತು. ಹಿಂದಿರುಗುವಾಗ ಡಾಕ್ಟರು, "ಸರ್ಕಾರಿ ಪೋಸ್ಟ್ ಕರೆದ ದಿನ ಮೊದಲ ಅರ್ಜಿ ನಿನ್ನದಿರಬೇಕು" ಅಂದರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಪೋಸ್ಟು ಕರೆಯಲಿಲ್ಲ. ಈ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಮೂರು ವರ್ಷ ಹೋಯಿತು. ಅಷ್ಟು ದಿನವೂ ನಾನು ಹೊರಗುತ್ತಿಗೆಯ ಮೇಲೆ ಲಸಿಕೆ ಹಾಕುತ್ತ ಊರೂರು ತಿರುಗಿದೆ. ಕೊನೆಗೂ ಒಂದು ನವೆಂಬರಿನಲ್ಲಿ ಕರೆದರು. ಪ್ರಕಟಣೆಯನ್ನು ಪೂರ್ತಿ ಓದುವ ತಾಳ್ಮೆಯೂ ಇಲ್ಲದೆ ಅದೇ ದಿನ ಕಡೂರಿಗೆ ಓಡಿದೆ. ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನ ಹೆಂಗಸು ನನ್ನ ಅಂಕಪಟ್ಟಿ ನೋಡಿ ಹುಟ್ಟಿದ ದಿನ ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

"ಅಕ್ಕಾ, ನಿಮ್ ವರ್ಗಕ್ಕೆ ಮೂವತ್ತೆಂಟು ಲಾಸ್ಟು. ನಿಮ್ಗೆ ಐದು ತಿಂಗ್ಳು ಜಾಸ್ತಿ ಆಗೋಗಿದೆ."

"ನಂಗಿನ್ನೂ ಮೂವತ್ತೇಳೇ ತುಂಬಿಲ್ಲ ಕಣಮ್ಮ" ಅಂದೆ. ಅವಳು ಪಾಪ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಅಂದರು.

ಯಗಟಿಯ ಶಾಲೆಗೆ ಹೋದೆ. ಈಗಿನ ಹೆಡ್‌ಮೇಷ್ಟ್ರು ಹಳೆಯ ದಾಖಲಾತಿ ಪುಸ್ತಕ ತೆಗೆದು ತೋರಿಸಿದರು. ನಮ್ಮ ತರಗತಿಗೆ ತರಗತಿಯೇ ಜೂನ್ ಒಂದರಂದು ಹುಟ್ಟಿತ್ತು. ತಾಲ್ಲೂಕು ಕಚೇರಿಯಲ್ಲಿ ನನ್ನ ಜನನದ ಸುದ್ದಿಯೇ ಇರಲಿಲ್ಲ, ಹುಟ್ಟಿದ್ದು ಮನೆಯಲ್ಲಿ. ಕಡೂರಿನ ವಕೀಲರೊಬ್ಬರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. "ಕೇಸ್ ಹಾಕ್ಬೋದು, ಗೆಲ್ತೀವಿ ಅಂತ ಹೇಳಕ್ಕಾಗಲ್ಲ. ನಿಮ್ ತಾಯಿ ಇಲ್ಲ, ಅಂದ್ರೆ ತಂದೆನೇ ಬಂದು ನಿಜ ಹೇಳ್ಬೇಕು. ಇನ್ನೊಂದು ಯೋಚ್ನೆ ಮಾಡಿ. ವಯಸ್ಸು ಕಮ್ಮಿ ಅಂತ ನೀವು ಸಾಧಿಸಿದ್ರೆ ಹದಿನಾರಕ್ಕೆ ಮದ್ವೆ ಆಗಿದ್ದೂ ಸಾಧಿಸ್ದಂಗೆ ಆಗುತ್ತೆ. ಅದು ಕಾಗದದಲ್ಲಿ ಬರುತ್ತೆ."

ಅದೇ ಸಂಜೆ ಅಪ್ಪನ ಮುಂದೆ ಕೂತೆ. ಅವ್ವ ಹೇಳುತ್ತಿದ್ದ ದಿನವನ್ನು ನ್ಯಾಯಾಧೀಶರ ಮುಂದೆ ಹೇಳಿದರೆ ಸಾಕು ಅಂದೆ. ಅಪ್ಪ ಕುರಿಗಳ ಕಡೆ ತಿರುಗಿ ಕೂತ.

"ಅವತ್ತು ಮುಟ್ಟಿರ್ಲಿಲ್ಲ ಕಣವ್ವ" ಅಂದ. "ನಿಮ್ಮವ್ವ ಹೊಲಕ್ಕೆ ಹೋಗ್ಬೇಕಿತ್ತು, ನಾನು ಕುರಿ ಹೊಡ್ಕೊಂಡ್ ಹೋಗ್ಬೇಕಿತ್ತು. ನಿನ್ನ ಯಾರ್ ನೋಡ್ಕೊಳೋರು? ಮೇಷ್ಟ್ರು ಅತ್ಲಾಗ್ ತಿರುಗ್ದಾಗ ನಿನ್ ಕುತ್ತಿಗೆ ಒಂಚೂರು ಬಗ್ಗಿಸ್ದೆ. ಬೆರಳು ಮುಟ್ತು."

"ಇರ್ಲಿ ಬಿಡು. ಈಗ ಬಂದು ಹೇಳ್ತೀಯಾ?"

"ಹದಿನಾರಕ್ಕೆ ಮದ್ವೆ ಮಾಡ್ದೆ ಅಂತ ನನ್ ಬಾಯಲ್ಲೇ ಹೇಳ್ಲಾ? ಈ ವಯಸ್ಸಲ್ಲಿ ಕೋರ್ಟ್ ಮೆಟ್ಲು ಹತ್ತಿಸ್ತೀಯಾ ನನ್ನ?"

ನನ್ನ ಗಂಡನನ್ನು ಕೇಳಿದಾಗ ಅವರೂ, "ನಮ್ ಮನೆ ಮಾನ ಹರಾಜಾಗೋದು ಬೇಡ ಕಣೇ" ಅಂದರು. ಇಬ್ಬರಿಗೂ ಮಾನ ಇತ್ತು. ಇಬ್ಬರೂ ನನ್ನ ಮೇಲೆ ಪ್ರೀತಿ ಇರುವವರೇ. ಅರ್ಜಿ ಹಾಕುವ ಕೊನೆಯ ದಿನ ನಾನು ಗಿರಣಿಯಲ್ಲಿ ಕೂತು ಯಾರದೋ ರಾಗಿ ಬೀಸಿಕೊಡುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ನನ್ನನ್ನು ಆಂಟಿ ಎನ್ನುತ್ತಿದ್ದ ಒಬ್ಬಳು ಈಗ ಅಜ್ಜಂಪುರದ ಪಶು ಆಸ್ಪತ್ರೆಗೇ ಕೆಲಸಕ್ಕೆ ಬಂದಿದ್ದಾಳೆ. ಕಷ್ಟದ ಹೆರಿಗೆ ಬಂದರೆ ಫೋನ್ ಮಾಡುತ್ತಾಳೆ. ನಾನು ಹೋಗಿ ಕೈ ಹಾಕುತ್ತೇನೆ, ಅವಳು ಪುಸ್ತಕದಲ್ಲಿ ಸಹಿ ಹಾಕುತ್ತಾಳೆ.

ಕಳೆದ ತಿಂಗಳು ಅಪ್ಪನಿಂದ ಫೋನ್ ಬಂತು. ಕುರಿಯೊಂದು ಬೆಳಗ್ಗೆಯಿಂದ ಒದ್ದಾಡುತ್ತಿದೆ, ಮರಿ ಅಡ್ಡ ಸಿಕ್ಕಿಕೊಂಡಿದೆ ಎಂದು. ಹೋಗುವುದಿಲ್ಲ ಅಂದುಕೊಂಡೆ. ಕುರಿ ಏನು ಪಾಪ ಮಾಡಿತ್ತು ಎನ್ನಿಸಿ ಹೋದೆ. ಹಟ್ಟಿಯ ಮುಂದೆ ಅಕ್ಕಪಕ್ಕದವರು ಐದಾರು ಜನ ಸೇರಿದ್ದರು. ಮರಿಯನ್ನು ತಿರುಗಿಸಿ ಈಚೆ ತಂದೆ, ಮೂಗು ಒರೆಸಿದ ಮೇಲೆ ಅದು ಅರಚಿತು. ಅಪ್ಪ ಎಂದಿನಂತೆ ಎಲ್ಲರ ಕಡೆ ತಿರುಗಿ, "ನನ್ ಮಗ್ಳು ಕೈ ನೋಡ್ರಪ್ಪ, ನಾಲ್ಕಕ್ಕೇ ಕಿವಿ ಮುಟ್ಟಿತ್ತು" ಅಂದ.

"ಮುಟ್ಟಿರ್ಲಿಲ್ಲ" ಅಂದೆ. "ನೀನು ನನ್ ಕುತ್ತಿಗೆ ಬಗ್ಗಿಸಿದ್ದೆ."

ಅಪ್ಪ ಒಳಗೆ ಹೋಗಿ ಬಿಸಿನೀರಿನ ಚೊಂಬು ತಂದು ನನ್ನ ಕೈಮೇಲೆ ಸುರಿಯತೊಡಗಿದ. ನೀರು ಅತ್ತ ಇತ್ತ ಚೆಲ್ಲುತ್ತಿತ್ತು. ನಾನು ಮೊಣಕೈವರೆಗೂ ತೊಳೆದುಕೊಂಡೆ. ಅವನು ತಪ್ಪಾಯ್ತು ಅಂದಿದ್ದರೂ ನಾನು ಅವತ್ತು ಹೋಗಲಿ ಬಿಡು ಅನ್ನುತ್ತಿರಲಿಲ್ಲ.