ಸಂಜು ಅಣ್ಣನಿಗೊಬ್ಬ ಸರಿಸಾಟಿ

ಹೋದ ಭಾನುವಾರ ಬೆಳಿಗ್ಗೆ ನನ್ನ ಅಣ್ಣ ನಲವತ್ತು ನಿಮಿಷ ಒಂದು ಚಕ್ರ ತಿರುಗುವುದನ್ನೇ ನೋಡುತ್ತ ಕೂತಿದ್ದ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ತಿರುಗುವ ಪುಟ್ಟ ಚಕ್ರ. ಅದರ ಕೆಳಗೆ, ಆಟಗಾರರನ್ನು ಹುಡುಕುತ್ತಿದ್ದೇವೆ ಎಂಬ ಸಾಲು. ಸಿಕ್ಕವರೆಷ್ಟು? ಒಬ್ಬ. ಆ ಒಬ್ಬ ಯಾರು? ಅಣ್ಣನೇ!

“ಮಂದಿ ಎಲ್ಲಿ ಹಾಳಾಗಿ ಹೋಗ್ಯಾರಲೇ?” ಅಂದ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ ಸಂಜು. ಊರು ವಿಜಯಪುರ, ವಾಸ ಮಲಾಡ್, ವಯಸ್ಸು ನಲವತ್ತೊಂದು (ಅವನನ್ನು ಕೇಳಿದರೆ ಮೂವತ್ತೆಂಟು). ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಲಾಡ್ ಸ್ಟೇಶನ್ ಪಕ್ಕದ ಸೈಬರ್ ಕೆಫೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿಕೊಂಡು, ಗುಂಡು ಹಾರಿಸುವ ಆಟ ಕಲಿಸಿದ ಗುರು. ಆಗ ಅವನು ಆ ಕೆಫೆಯ ಮಹಾರಾಜ. ಅವನು ಒಳಗೆ ಬಂದರೆ ಎದುರಿನ ಟೀಮಿನವರು ಮನೆಯಲ್ಲಿ ಕೆಲಸವಿದೆ ಎಂದು ಏಳುತ್ತಿದ್ದರು.

ಈಗ ಅದೇ ಹಳೇ ಆಟಕ್ಕೆ ಹೊಸ ಬಣ್ಣ ಬಳಿದು, ಅದರ ಮುಂದಿನ ಮೂರು ಭಾಗಗಳನ್ನೂ ಜೊತೆಗೆ ಕಟ್ಟಿ, ಒಂದೇ ಪೊಟ್ಟಣ ಮಾಡಿ ಬಿಟ್ಟಿದ್ದಾರೆ. ರೀಮಾಸ್ಟರ್ ಅಂತೆ. (ಕಾಂದಿವಲಿಯ ನಮ್ಮ ಬಿಲ್ಡಿಂಗಿಗೂ ದೀಪಾವಳಿಗೆ ಇದನ್ನೇ ಮಾಡಿದರು. ಬಿರುಕುಗಳು ಹಾಗೇ ಇವೆ, ಬಣ್ಣ ಮಾತ್ರ ಫಳಫಳ.) ಸುದ್ದಿ ಹೇಳಿದ್ದೇ ತಡ, ಅಣ್ಣ ಮಲಾಡಿನಿಂದ ಲೋಕಲ್ ರೈಲು ಹತ್ತಿ ನಮ್ಮ ಮನೆಗೆ ಹಾಜರ್!

ಮತ್ತೆ ಆ ಚಕ್ರ ಯಾಕೆ ತಿರುಗುತ್ತಲೇ ಇತ್ತು? ಹೇಳುತ್ತೇನೆ.

ಈ ಆಟದಲ್ಲಿ ಪ್ಲೇಲಿಸ್ಟ್ ಎಂದರೆ ಹಾಡುಗಳಲ್ಲ, ಪಂದ್ಯದ ಬಗೆಗಳು. ಬಾವುಟ ಕದಿಯುವುದು, ಗುಡ್ಡ ಹಿಡಿಯುವುದು, ಸುಮ್ಮನೆ ಎದುರಿಗೆ ಬಂದವರನ್ನು ಹೊಡೆಯುವುದು, ಹೀಗೆ. ಯಾವ ಭಾಗದ ಯಾವ ಬಗೆ ಬೇಕೋ ಅದಕ್ಕೆ ಟಿಕ್ ಹಾಕಬೇಕು. ನಿಮ್ಮ ಹಾಗೇ ಟಿಕ್ ಹಾಕಿದವರನ್ನು, ಹೆಚ್ಚೂಕಡಿಮೆ ನಿಮ್ಮಷ್ಟೇ ಕೈಚಳಕ ಇರುವವರನ್ನು ಕಂಪ್ಯೂಟರು ಹುಡುಕಿ ತಂದು ಜೋಡಿಸುತ್ತದೆ. ಹೆಚ್ಚು ಟಿಕ್ ಹಾಕಿದರೆ ಬೇಗ ಆಟ. ಕಡಿಮೆ ಹಾಕಿದರೆ? ಚಕ್ರ.

ಅಣ್ಣ ಹಾಕಿದ್ದು ಒಂದೇ ಒಂದು ಟಿಕ್. ಮೊದಲ ಭಾಗ, ಬಾವುಟ ಕದಿಯುವ ಪಂದ್ಯ, ಅದೂ ಹಳೇ ಬಂದರಿನ ಮ್ಯಾಪ್ (ಎಂದರೆ ಕಾಳಗದ ಕಣ) ಮಾತ್ರ. ಇದು ಹೇಗೆಂದರೆ, ಚರ್ಚ್‌ಗೇಟಿನಲ್ಲಿ ನಿಂತು ‘ಖಾಲಿ ಇರಬೇಕು, ಕಿಟಕಿ ಸೀಟು ಬೇಕು, ಕಾಂದಿವಲಿ ಬಿಟ್ಟು ಬೇರೆಲ್ಲೂ ನಿಲ್ಲಬಾರದು’ ಎಂದು ಲೋಕಲ್‌ಗೆ ಕಾದಂತೆ. ಬರುತ್ತದೆ, ಮುಂದಿನ ಜನ್ಮದಲ್ಲಿ.

“ಇನ್ನೆರಡು ಟಿಕ್ ಹಾಕೋ ಅಣ್ಣಾ” ಅಂದೆ.

“ಬ್ಯಾಡ. ನನಗ ಅದ ಬೇಕು.”

ನಾನು ಸುಮ್ಮನಿರುವವನೇ? ಅವನದೇ ದನಿ ತೆಗೆದು, ಮೂಗಿನಲ್ಲಿ ಎಳೆದು, “ನನಗಽಽ ಅದಽಽ ಬೇಕು” ಎಂದೆ. ಅಡುಗೆಮನೆಯಿಂದ ಅವ್ವ ನಕ್ಕಳು. ಅಣ್ಣ ನಗಲಿಲ್ಲ.

“ಆ ಮ್ಯಾಪ್ ನನಗ ಕಣ್ಣು ಮುಚ್ಚಿದ್ರೂ ಬರ್ತದ. ಬ್ಯಾರೆದ್ರಾಗ ಈ ಕೈ ಹಿಡ್ಕೊಂಡು ಏನ್ ಮಾಡ್ಲಿ?”

ಆಗ ನಾನು ಬಾಯಿ ಮುಚ್ಚಿದೆ. (ಅಪರೂಪ. ಗುರುತು ಹಾಕಿಟ್ಟುಕೊಳ್ಳಿ.)

ಅಣ್ಣ ಇಲ್ಲೇ ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಅಚ್ಚುಗಳನ್ನು ಕೂಡಿಸುವ ಫಿಟ್ಟರ್. ಎಂಟು ತಿಂಗಳ ಹಿಂದೆ ಬಲಗೈ ತೋರುಬೆರಳು ಅಚ್ಚಿನ ನಡುವೆ ಸಿಕ್ಕಿತು. ಡಾಕ್ಟರು ಬೆರಳು ಉಳಿಸಿದರು, ಆದರೆ ಅದು ಪೂರ್ತಿ ಮಡಚುವುದಿಲ್ಲ. ಸೋಮವಾರ ಅವನು ಸೂಪರ್‌ವೈಸರ್‌ಗೆ ಒಂದು ಉತ್ತರ ಕೊಡಬೇಕಿತ್ತು. ಮತ್ತೆ ಫಿಟ್ಟಿಂಗ್ ಟೇಬಲ್ಲಿಗೆ ಬರುತ್ತೀಯೋ, ಸ್ಟೋರ್ ರೂಮಿನ ಕುರ್ಚಿ ಹಿಡಿಯುತ್ತೀಯೋ? ಮನೆಯವರೆಲ್ಲರ ವೋಟು ಕುರ್ಚಿಗೆ. ನನ್ನದೂ. ಅವನಿಗೆ ಮಾತ್ರ ತನ್ನ ಕೈಯನ್ನೇ ಒಂದು ಮಾತು ಕೇಳಬೇಕಿತ್ತು. ಗುಂಡು ಹಾರುವುದು ಮೌಸಿನ ಎಡಗುಂಡಿಯಿಂದ ತಾನೇ? ಅದನ್ನು ಒತ್ತುವುದು ಅದೇ ತೋರುಬೆರಳು.

ಇಷ್ಟು ಅರ್ಥವಾದ ಮೇಲೆ ಜಾಣ ತಮ್ಮ ಏನು ಮಾಡಬೇಕು? ಸುಮ್ಮನಿರಬೇಕು. ನಾನೇನು ಮಾಡಿದೆ? ಅಣ್ಣ ನೀರು ಕುಡಿಯಲು ಎದ್ದಾಗ ಅಷ್ಟೂ ಟಿಕ್ ಹಾಕಿಬಿಟ್ಟೆ!

ಎಂಟು ಸೆಕೆಂಡು. ಆಟ ಸಿಕ್ಕಿತು. ಅಣ್ಣ ಓಡಿ ಬಂದು ಕೂತ. ನಾಲ್ಕನೇ ಭಾಗ, ಕಂಡರಿಯದ ಮ್ಯಾಪ್. ಅವನು ಬಾಗಿಲು ಹುಡುಕುವುದರೊಳಗೆ ಸತ್ತ. ಎದ್ದ, ಸತ್ತ. ಮೆಟ್ಟಿಲ ಮೇಲೆ ಸತ್ತ, ಮೆಟ್ಟಿಲ ಕೆಳಗೆ ಸತ್ತ. ಹದಿನೆಂಟು ಸಲ ಸತ್ತು, ಹೊಡೆದದ್ದು ಸೊನ್ನೆ.

ಟಿಕ್ ಹಾಕಿದ್ದು ಅರ್ಧ ತಪ್ಪು. ಇಡೀ ತಪ್ಪು ಬೇರೆಯೇ ಇತ್ತು. ಅದು ನನ್ನ ಅಕೌಂಟ್! ನನ್ನ ರ‍್ಯಾಂಕು ಭಾರೀ ದೊಡ್ಡದು. ಹೇಗೆ ಬಂತು? ಆಫೀಸಿನ ಗೆಳೆಯನೊಬ್ಬ ನನ್ನ ಟೀಮಿನಲ್ಲಿ ನಿಂತು ಹೊಡೆಯುತ್ತಿದ್ದ, ನಾನು ಅವನ ಬೆನ್ನ ಹಿಂದೆ ನಿಂತು ಅನೌನ್ಸರ್ ದನಿಯಲ್ಲಿ ಕಾಮೆಂಟರಿ ಕೊಡುತ್ತಿದ್ದೆ. ಕಂಪ್ಯೂಟರಿಗೆ ಇದೆಲ್ಲ ಏನು ಗೊತ್ತು? ಇವನ್ಯಾರೋ ಹುಲಿ ಎಂದುಕೊಂಡು ಹುಲಿಗಳ ಬೋನಿಗೇ ನೂಕಿತು.

ಅಣ್ಣ ಮೌಸ್ ಬಿಟ್ಟು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. “ಆತು ಬಿಡು. ಸ್ಟೋರ್ ರೂಮೇ ಛಲೋ.”

ಅವ್ವ ಓಡಿ ಬಂದಳು. “ಸಂಜೂ, ಬ್ಯಾಸರ ಮಾಡ್ಕೋಬ್ಯಾಡಪಾ. ಬಾ, ಕ್ಯಾರಮ್ ಹಾಕೂನು.”

ಅಣ್ಣ ಅವ್ವನನ್ನು ನೋಡಿದ, ಆಮೇಲೆ ನನ್ನನ್ನು.

“ಕ್ಯಾರಮ್? ಎಂಟು ತಿಂಗಳಾತು, ಈ ಮನ್ಯಾಗ ಒಂದು ಆಟ ಸೋತಿಲ್ಲ ನಾನು. ಕಾಕಾ ಸ್ಟ್ರೈಕರ್ ಬೇಕಂತನ ತಪ್ಪಸ್ತಾರ. ಇವಾ ಅಂತೂ ಸೋತು ಹಣಿ ಹಣಿ ಬಡ್ಕೋತಾನ. ನನಗೇನು ಬೆರಳು ಹೋಗೇದೋ, ಕಣ್ಣು ಹೋಗ್ಯಾವೋ?”

(ಕಾಕಾ ಎಂದರೆ ನನ್ನ ಅಪ್ಪ.) ಹಣೆ ಬಡಿದುಕೊಳ್ಳುವ ನನ್ನ ನಟನೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಆ ಕ್ಷಣ ಕರಗಿತು.

“ಅಣ್ಣಾ, ಒಂದಽ ಒಂದು ಚಾನ್ಸ್ ಕೊಡು” ಎಂದೆ. ಅವನ ಹೆಸರಿನಲ್ಲೇ ಹೊಸ ಅಕೌಂಟ್ ತೆಗೆದೆ. ರ‍್ಯಾಂಕ್ ಇಲ್ಲ, ಚರಿತ್ರೆ ಇಲ್ಲ. ಟಿಕ್ ಎಷ್ಟು? ಅವನೇ ಹಾಕಿದ: ಮೊದಲ ಭಾಗದ ಎಲ್ಲ ಬಗೆ, ಎಲ್ಲ ಮ್ಯಾಪ್. ನನಗೂ ಸಮಾಧಾನ, ಅವನಿಗೂ.

ಮೊದಲ ಆಟ, ಸೋತ. ಎರಡನೆಯದು, ಇನ್ನೂ ಹೀನಾಯವಾಗಿ ಸೋತ. ಕಂಪ್ಯೂಟರು ಅವನನ್ನು ಅಳೆಯುತ್ತಿತ್ತು, ದರ್ಜಿ ಟೇಪ್ ಹಿಡಿದು ಅಳೆಯುವ ಹಾಗೆ. ಎರಡನೆಯ ಆಟದ ನಡುವೆಯೇ ಅಣ್ಣ ತೋರುಬೆರಳನ್ನು ಮೌಸಿನಿಂದ ಎತ್ತಿ, ಎಡಗುಂಡಿಯ ಮೇಲೆ ನಡುಬೆರಳು ತಂದಿಟ್ಟ. ನಾನು ನೋಡಿಯೂ ನೋಡದವನಂತೆ ಫ್ಯಾನ್ ನೋಡಿದೆ.

ಮೂರನೆಯ ಆಟ! ಐವತ್ತು ಹೊಡೆದವರು ಗೆದ್ದ ಹಾಗೆ. ಎದುರಿನವರೂ ಬಾಗಿಲು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರು. ಆಹಾ, ನಮ್ಮವರು! ಹತ್ತು–ಹತ್ತು. ಇಪ್ಪತ್ತೆರಡು–ಇಪ್ಪತ್ತಮೂರು. ನಾನು ಸ್ಟೇಶನ್ ಅನೌನ್ಸ್‌ಮೆಂಟಿನ ಹೆಂಗಸಿನ ದನಿಯಲ್ಲಿ “ಅಗಲಾ ಸ್ಟೇಶನ್, ಚಾಲೀಸ್” (ಮುಂದಿನ ಸ್ಟೇಶನ್, ನಲವತ್ತು) ಎಂದೆ. “ಸುಮ್ನಿರಲೇ ಮಂಗ್ಯಾ!” ಎಂದು ಅಣ್ಣ ಕಿರುಚಿದ. ಅವ್ವ ಸೌಟು ಹಿಡಿದೇ ಬಂದು ನಿಂತಳು. “ಸಂಜೂ, ಹಿಂದ ಒಬ್ಬ ಅದಾನ, ಹಿಂದ!” (ಅವ್ವನಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಆದರೆ ಹಿಂದೆ ಒಬ್ಬ ಇದ್ದದ್ದು ನಿಜ!) ನಲವತ್ತೊಂಬತ್ತು–ನಲವತ್ತೊಂಬತ್ತು! ಅಣ್ಣ ಪೆಟ್ಟಿಗೆಯೊಂದರ ಹಿಂದಿನಿಂದ ಹಾರಿದ, ಒತ್ತಿದ—

ಅರ್ಧ ಸೆಕೆಂಡು ತಡ. ಸೋತ.

ಆಮೇಲೆ ಅಣ್ಣ ಕುರ್ಚಿಯಿಂದ ಜಿಗಿದು ನನ್ನ ಬೆನ್ನಿಗೆ ಒಂದು ಬಿಟ್ಟ. ಬಲಗೈಯಿಂದಲೇ. ಚೆನ್ನಾಗಿ ಉರಿಯಿತು.

“ನೋಡಿದೀ? ಖರೇನ ಸೋತೆ! ಯಾರೂ ಬಿಟ್ಟುಕೊಡಲಿಲ್ಲ! ನಡಿ, ಇನ್ನೊಂದು ಹಾಕು!”

ಊಟಕ್ಕೆ ಕೂರುವ ಮೊದಲು ಇನ್ನೂ ಐದು ಆಟ ಆಡಿದ. ಎರಡು ಗೆದ್ದ, ಮೂರು ಸೋತ. ಅಷ್ಟು ಸೋತು ಅಷ್ಟು ಖುಷಿಪಟ್ಟವನನ್ನು ನಾನು ನೋಡಿದ್ದೇ ಇಲ್ಲ. ಸೋಮವಾರ ಫೋನು ಬಂತು. ಒಂದು ತಿಂಗಳು ಫಿಟ್ಟಿಂಗ್ ಟೇಬಲ್ಲಿನಲ್ಲಿ ನಿಂತು ನೋಡುತ್ತೇನೆ, ಆಗದಿದ್ದರೆ ನಾನೇ ಬಂದು ಕುರ್ಚಿ ಕೇಳುತ್ತೇನೆ ಎಂದು ಸೂಪರ್‌ವೈಸರ್‌ಗೆ ಹೇಳಿದನಂತೆ. ಆಗುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ, ಅವನಿಗೂ.

ನನ್ನ ತಲೆ ತಿನ್ನುತ್ತಿರುವುದು ಬೇರೆ. ಆ ಕಂಪ್ಯೂಟರಿಗೆ ಅಣ್ಣನ ಬೆರಳಿನ ಕಥೆ ಗೊತ್ತಿರಲಿಲ್ಲ. ಎರಡು ಸಲ ಸೋಲಲು ಬಿಟ್ಟು, ಮೂರನೆಯ ಸಲಕ್ಕೆ ಅವನ ಸರಿಸಾಟಿಯನ್ನು ಹುಡುಕಿಕೊಟ್ಟಿತು. ನಾವು ಎಲ್ಲ ಗೊತ್ತಿದ್ದವರು, ರಕ್ತಸಂಬಂಧಿಗಳು, ಎಂಟು ತಿಂಗಳು ಅವನಿಗೆ ಕೊಟ್ಟದ್ದು ಬರೀ ಗೆಲುವು.

ಅಂದಹಾಗೆ, ನಿಮ್ಮ ಮನೆಯಲ್ಲಿ ನೀವು ಯಾರನ್ನು ಸುಮ್ಮಸುಮ್ಮನೆ ಗೆಲ್ಲಿಸುತ್ತಿದ್ದೀರಿ?